ಹನ್ನೊಂದು ಗಂಟೆಯ ಇರುವೆಗಳು

ನಮ್ಮ ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸ್ವತಂತ್ರ ಸಂಶೋಧನೆ ಮಾಡುವ ಅವಕಾಶ ಕೊಟ್ಟಿದ್ದಾರೆ. ಸ್ವತಂತ್ರ ಎಂದರೆ ಪೂರ್ತಿ ಸ್ವತಂತ್ರ. ಐದು ಜನರ ಸಹಿ ಇದ್ದರೆ ಸಾಕು. ವಿಷಯವನ್ನು ಗೈಡ್ ಹೇಳುತ್ತಾರೆ, ಶೀರ್ಷಿಕೆಯನ್ನು ವಿಭಾಗದ ಮುಖ್ಯಸ್ಥರು ತಿದ್ದುತ್ತಾರೆ, ಅರ್ಜಿಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಜಾಗವನ್ನು ಕೆಲಸ ಶುರುವಾಗುವ ಮೊದಲೇ ತುಂಬಿ ಕೊಡಬೇಕು. ಅದೊಂದು ಮುಗಿದರೆ ಆಮೇಲೆ ಏನು ಬೇಕಾದರೂ ಕಂಡುಹಿಡಿಯಬಹುದು.

ಹಾಗೆ ಕಂಡುಹಿಡಿದವಳು ನಮ್ಮಕ್ಕ. ಅವಳು ಜೀವಶಾಸ್ತ್ರದ ಕೊನೆಯ ವರ್ಷ, ನಾನು ಇತಿಹಾಸದ ಎರಡನೆಯ ವರ್ಷ. ಮನೆಯಲ್ಲಿ ಅವಳದಕ್ಕೆ ‘ರಿಸರ್ಚ್’ ಎಂದು ಹೆಸರು, ನನ್ನದಕ್ಕೆ ‘ಹರಟೆ’. ಅವಳು ಓದುತ್ತಿದ್ದರೆ ಅಮ್ಮ ಕುಕ್ಕರ್‌ ಕೂಗುವುದಕ್ಕೂ ಹೆದರುತ್ತಾಳೆ. ನಾನು ಓದುತ್ತಿದ್ದರೆ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ನನ್ನನ್ನೇ ಕೇಳುತ್ತಾಳೆ.

ಅಕ್ಕನ ಪ್ರಯೋಗಶಾಲೆ ಎಂದರೆ ನೆಲಮಹಡಿಯ ಕಾರಿಡಾರು, ರಸಾಯನಶಾಸ್ತ್ರದ ಲ್ಯಾಬಿನ ಪಕ್ಕದ ಗೋಡೆ. ಕಿಟಕಿ ಕೆಳಗಿನ ಬಿರುಕಿನಿಂದ ಹೊರಟು ನೀರಿನ ನಲ್ಲಿಯವರೆಗೆ ಇರುವೆಗಳ ಸಾಲು. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗೋಡೆಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಒಂದು ನಿಮಿಷದಲ್ಲಿ ಎಷ್ಟು ಇರುವೆ ಆ ಗೆರೆ ದಾಟಿದವು ಎಂದು ಎಣಿಸುತ್ತಿದ್ದಳು. ಒಂಬತ್ತಕ್ಕೊಮ್ಮೆ, ಹತ್ತಕ್ಕೊಮ್ಮೆ. ಆಮೇಲೆ ಕ್ಲಾಸು. ಕ್ಲಾಸಿನಿಂದ ಓಡಿಬಂದು ಹನ್ನೊಂದಕ್ಕೆ, ಕೊನೆಗೆ ಹನ್ನೆರಡಕ್ಕೆ. ಹೀಗೆ ನಾಲ್ಕು ತಿಂಗಳು.

ಫಲಿತಾಂಶ ನೋಡಿ ಅವಳೇ ಬೆಚ್ಚಿಬಿದ್ದಳು. ದಿನಾ ಹನ್ನೊಂದಕ್ಕೆ ಸಾಲಿನಲ್ಲಿ ಒಂದೇ ಒಂದು ಇರುವೆ ಇಲ್ಲ. ಹನ್ನೆರಡಕ್ಕೆ ಎಲ್ಲವೂ ಹಾಜರ್. ಭಾನುವಾರ ವಾಚ್‌ಮನ್ನನ್ನು ಕಾಡಿ ಬೇಡಿ ಒಳಗೆ ಹೋಗಿ ಎಣಿಸಿದರೆ ಹನ್ನೊಂದಕ್ಕೂ ಇರುವೆಗಳು ಆರಾಮಾಗಿ ಓಡಾಡುತ್ತಿವೆ.

ಅವಳ ಗೈಡಿಗೆ ನಾವಿಟ್ಟ ಹೆಸರು ಗ್ರಾಫ್ ಮೇಷ್ಟ್ರು. ಗ್ರಾಫ್ ಬಿಟ್ಟು ಬೇರೇನನ್ನೂ ಅವರು ನೋಡುವುದಿಲ್ಲ. ಆ ಕಾರಿಡಾರಿಗೆ ಒಂದು ದಿನವೂ ಬಂದವರಲ್ಲ. ಅಕ್ಕನ ಗ್ರಾಫ್ ನೋಡಿದ್ದೇ ಎದ್ದು ನಿಂತರಂತೆ. “ಇರುವೆಗಳಿಗೆ ಗಂಟೆ ಗೊತ್ತು ಅನ್ನೋದು ಹಳೇದಾಯ್ತು ಕಣಮ್ಮ. ಇವಕ್ಕೆ ವಾರಾನೂ ಗೊತ್ತು!” ಮರುದಿನವೇ ಪ್ರಬಂಧದಲ್ಲಿ ಅವರ ಹೆಸರು ಮೊದಲಿಗೆ ಬಂತು, ಅಕ್ಕನದು ಎರಡನೆಯದಾಯಿತು. ಇರುವೆಗಳ ಹೆಸರು ಕೊನೆಯಲ್ಲಿ.

ಒಂದೇ ಒಂದು ಗುರುವಾರ ಮಾತ್ರ ಹನ್ನೊಂದಕ್ಕೂ ಇರುವೆಗಳಿದ್ದವು. ಅಕ್ಕ ಕೇಳಿದ್ದಕ್ಕೆ ಮೇಷ್ಟ್ರು, “ಅವತ್ತು ಅವಕ್ಕೆ ಮೈ ಹುಷಾರಿರ್ಲಿಲ್ಲ ಅಂತ ಇಟ್ಕೊ. ತೆಗೆದುಹಾಕು” ಎಂದರು. ತೆಗೆದುಹಾಕಿದಳು.

ಮುಂದಿನ ಶನಿವಾರ ಎಲ್ಲರೂ ತಮ್ಮ ತಮ್ಮ ಸಂಶೋಧನೆ ಮಂಡಿಸಬೇಕಿತ್ತು. ನೋಡಲು ದೊಡ್ಡ ಸಂಶೋಧನಾಲಯದಿಂದ ಒಬ್ಬರು ವಿಜ್ಞಾನಿ ಬರುವವರಿದ್ದರು. ಮೆಚ್ಚಿದ ಒಬ್ಬರಿಗೆ ಅವರ ಲ್ಯಾಬಿನಲ್ಲಿ ಎರಡು ತಿಂಗಳು ಕೆಲಸ. ಒಬ್ಬರಿಗಷ್ಟೇ. ಆ ಸಂಶೋಧನಾಲಯದ ಚಿತ್ರವನ್ನು ಅಕ್ಕ ಎಂಟನೇ ಕ್ಲಾಸಿನಿಂದ ಬೀರುವಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಾಳೆ. ಬೇರೆಯವರು ಸಿನಿಮಾ ನಟರನ್ನು ಅಂಟಿಸಿಕೊಳ್ಳುವ ಜಾಗ ಅದು. ಅಪ್ಪ ದರ್ಜಿ. ಬೇರೆ ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು ಮಗಳಿಗೆ ಕೋಟು ಹೊಲಿಯುತ್ತಿದ್ದರು.

ಇನ್ನು ನನ್ನ ಹರಟೆಯ ವಿಷಯ. ‘ನಮ್ಮ ಕಾಲೇಜಿನ ಬರೆಯದ ಇತಿಹಾಸ’ ಎಂದು ಶೀರ್ಷಿಕೆ. ಇಪ್ಪತ್ತೆರಡು ವರ್ಷದಿಂದ ನೆಲಮಹಡಿ ಗುಡಿಸಿ ಒರೆಸುವ ಆಯಮ್ಮನನ್ನು ಕೂರಿಸಿಕೊಂಡು ಎರಡು ಗಂಟೆ ಮಾತಾಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಹಳೆಯ ಮುಷ್ಕರ, ಸುಟ್ಟುಹೋದ ಲೈಬ್ರರಿ, ಇಂಥ ದೊಡ್ಡ ಸಂಗತಿಗಳು. ಆಯಮ್ಮ ಬಕೆಟ್ಟು, ಮಂಡಿನೋವು, ನಲ್ಲಿ ಎಂದು ಎಲ್ಲೆಲ್ಲೋ ಹೋಗುತ್ತಿದ್ದರು. “ಬೇಡದ್ದನ್ನ ಕತ್ತರಿಸು” ಎಂದರು ನನ್ನ ಗೈಡ್. ನಾನೂ ಕತ್ತರಿ ಹಿಡಿದ ದರ್ಜಿಯ ಮಗಳೇ. ಎರಡು ಗಂಟೆಯನ್ನು ಹದಿನೈದು ನಿಮಿಷ ಮಾಡಿದೆ.

ಬುಧವಾರ ಸಂಜೆ ಮುಷ್ಕರದ ಇಸವಿ ಖಚಿತ ಮಾಡಿಕೊಳ್ಳಲೆಂದು ಪೂರ್ತಿ ರೆಕಾರ್ಡಿಂಗ್ ಮತ್ತೆ ಹಾಕಿದೆ. ನಡುವೆ ಆಯಮ್ಮನ ದನಿ: “ಆ ಗೋಡೆ ಹತ್ರ ಒಂದು ಹುಡುಗಿ ದಿನಾ ನೆಲದ ಮೇಲೇ ಕೂತ್ಕೊಳ್ಳುತ್ತೆ, ಪಾಪ. ಇರುವೆ ಕಚ್ಚಲ್ವಾ? ಅದಕ್ಕೇ ಅವಳು ಕ್ಲಾಸಿಗೆ ಹೋದಾಗ ಫಿನೈಲ್ ಬಟ್ಟೇಲಿ ಗೋಡೆ ಒರೆಸಿಬಿಡ್ತೀನಿ. ಏನ್ ಮಾಡೋದು, ಮತ್ತೆ ಬರ್ತವೆ.” ಅದರ ಮೇಲೆ ನನ್ನ ದನಿ: “ಹ್ಞೂಂ ಹ್ಞೂಂ. ಲೈಬ್ರರಿ ಸುಟ್ಟಾಗ ನೀವು ಎಲ್ಲಿದ್ರಿ?”

ರೆಕಾರ್ಡಿಂಗ್ ಅಲ್ಲೇ ನಿಲ್ಲಿಸಿದೆ. ಮೂರು ವಾರದ ಹಿಂದೆ ನನ್ನ ಕಿವಿಗೇ ಬಿದ್ದಿದ್ದ ಮಾತು. ಮುಂದಿನ ಪ್ರಶ್ನೆ ಹುಡುಕುವ ಗಡಿಬಿಡಿಯಲ್ಲಿ ಕೇಳಿಸಿಕೊಂಡೇ ಇರಲಿಲ್ಲ. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನ್ನಿಸಿತು. ಆಮೇಲೆ ಬೀರುವಿನ ಬಾಗಿಲು ನೆನಪಾಗಿ ಇನ್ನೂ ಭಯವಾಯಿತು. ಬೇರೆ ಯಾರೋ ಎಲ್ಲರ ಮುಂದೆ ಕಂಡುಹಿಡಿದರೆ? ಅಕ್ಕನ ಕಿವಿಗೆ ಮೊಬೈಲ್ ಹಿಡಿದೆ.

ಅವಳು ಮೂರು ಸಲ ಕೇಳಿದಳು. “ನಿಂಗೆ ಹೊಟ್ಟೆಕಿಚ್ಚು” ಎಂದಳು. ಆಮೇಲೆ ಅತ್ತಳು. ಲ್ಯಾಬಿನ ಗಬ್ಬುವಾಸನೆಯಲ್ಲಿ ಫಿನೈಲ್ ವಾಸನೆ ಯಾರಿಗೆ ಗೊತ್ತಾಗುತ್ತದೆ ಎಂದು ನನ್ನನ್ನೇ ಗದರಿದಳು. ಬೆಳಿಗ್ಗೆ ಎದ್ದವಳೇ ಆಯಮ್ಮನ ಹತ್ತಿರ ಹೋಗಿ, “ಎರಡು ದಿನ ಆ ಗೋಡೆ ಒರೆಸ್ಬೇಡಿ ಆಯಮ್ಮ” ಎಂದಳು. “ಕಚ್ಚಿದ್ರೆ ನನ್ನ ಬೈಬೇಡ ಮತ್ತೆ” ಎಂದರು ಆಯಮ್ಮ. ಗುರುವಾರ ಹನ್ನೊಂದಕ್ಕೆ ಮೂವತ್ತೆಂಟು ಇರುವೆ. ಶುಕ್ರವಾರ ನಲವತ್ತೊಂದು. ಇರುವೆಗಳಿಗೆ ಗಂಟೆಯೂ ಗೊತ್ತಿಲ್ಲ, ವಾರವೂ ಗೊತ್ತಿಲ್ಲ.

ಗ್ರಾಫ್ ಮೇಷ್ಟ್ರು ಕೇಳಿ ತಣ್ಣಗೆ ನಕ್ಕರಂತೆ. “ಎರಡು ದಿನದ್ದೆಲ್ಲ ಲೆಕ್ಕಕ್ಕಿಲ್ಲಮ್ಮ. ಶನಿವಾರ ಮುಗೀಲಿ, ಆಮೇಲೆ ನಿಧಾನವಾಗಿ ಸತ್ಯ ಹುಡುಕೋಣ. ಅದೇನು ಓಡಿಹೋಗುತ್ತಾ?”

ಅಂದು ಸಂಜೆ ಅಪ್ಪ ಕೋಟು ತೊಡಿಸಿ ನೋಡುತ್ತಿದ್ದಾಗ ಅಕ್ಕ ಕೇಳಿದಳು, “ಅಪ್ಪಾ, ಪೂರ್ತಿ ಹೊಲಿದ ಮೇಲೆ ಅಳತೆ ತಪ್ಪು ಅಂತ ಗೊತ್ತಾದ್ರೆ?”

“ಬಿಚ್ಚಬೇಕು, ಇನ್ನೇನು. ಎಲ್ಲಿ ಬಿಗಿ? ತೋಳಾ?” ಎಂದು ಅಪ್ಪ ಗಾಬರಿಯಿಂದ ಟೇಪು ತೆಗೆದರು.

ಶನಿವಾರ ಸಭಾಂಗಣ ತುಂಬಿತ್ತು. ಅಕ್ಕನಿಗಿಂತ ಮೊದಲು ಒಬ್ಬ, ಸಂಗೀತ ಕೇಳಿದ ಗಿಡಗಳು ನಿರೀಕ್ಷಿಸಿದಷ್ಟೇ ಎತ್ತರ ಬೆಳೆದವು ಎಂದು ತೋರಿಸಿ ಚಪ್ಪಾಳೆ ಗಿಟ್ಟಿಸಿದ. ಅಕ್ಕ ಹೊಸ ಕೋಟಿನಲ್ಲಿ ಹೋಗಿ ಗ್ರಾಫ್ ಹಾಕಿದಳು. ಮುಂದಿನ ಸಾಲಿನಲ್ಲಿ ಗ್ರಾಫ್ ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವಳು ಏನು ಹೇಳುತ್ತಾಳೆಂದು ನನಗೂ ಗೊತ್ತಿರಲಿಲ್ಲ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅತಿಥಿ ವಿಜ್ಞಾನಿಯೇ ಕನ್ನಡಕ ಏರಿಸಿ ಕೇಳಿದರು, “ಇಲ್ಲೊಂದು ಗುರುವಾರ ಕಾಣಿಸ್ತಿಲ್ವಲ್ಲ?”

ಮೇಷ್ಟ್ರು ಅರ್ಧ ಎದ್ದರು. “ಅದೇನಿಲ್ಲ ಮೇಡಂ, ಅವತ್ತು…”

“ಅವತ್ತು ಆಯಮ್ಮ ರಜಾ ಇದ್ರು” ಎಂದಳು ಅಕ್ಕ.

ಸಭೆ ಗೊಳ್ಳೆಂದು ನಕ್ಕಿತು. ಅಕ್ಕನ ಮುಖ ಕೆಂಪಾಯಿತು, ಆದರೆ ನಿಲ್ಲಿಸಲಿಲ್ಲ. ಗೋಡೆ, ಫಿನೈಲ್ ಬಟ್ಟೆ, ತಾನು ನೆಲದ ಮೇಲೆ ಕೂರುತ್ತಿದ್ದದ್ದು, ಕಚ್ಚಬಾರದೆಂದು ಆಯಮ್ಮ ಒರೆಸುತ್ತಿದ್ದದ್ದು, ಆ ಗುರುವಾರ ಹಾಜರಿ ಪುಸ್ತಕದಲ್ಲಿ ಅವರ ಸಹಿ ಇಲ್ಲದ್ದು, ಕೊನೆಯ ಎರಡು ದಿನದ ಎಣಿಕೆ, ಎಲ್ಲವನ್ನೂ ಹೇಳಿದಳು. “ನಾನು ನಾಲ್ಕು ತಿಂಗಳು ಅಳೆದದ್ದು ಇರುವೆಗಳನ್ನಲ್ಲ. ಆಯಮ್ಮನ ಕೆಲಸವನ್ನ. ಇದನ್ನ ಕಂಡುಹಿಡಿದದ್ದು ನನ್ನ ತಂಗಿ” ಎಂದು ಇಳಿದುಬಂದಳು. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು. ನನ್ನ ಮೇಲೆ ನಾಚಿಕೆಯೂ ಆಯಿತು. ನಾನು ಕಂಡುಹಿಡಿದದ್ದೇನು, ಕತ್ತರಿಸಿ ಬಿಸಾಕಿದ್ದು ಆಕಸ್ಮಿಕವಾಗಿ ಕೈಗೆ ಸಿಕ್ಕಿತ್ತು ಅಷ್ಟೆ.

ವಿಜ್ಞಾನಿ ಅಕ್ಕನ ಕೈಕುಲುಕಿ “ಒಳ್ಳೆ ಕೆಲಸ” ಎಂದರು. ಎರಡು ತಿಂಗಳ ಕೆಲಸ ಸಂಗೀತ ಕೇಳುವ ಗಿಡಗಳವನಿಗೆ ಹೋಯಿತು, ನಿರೀಕ್ಷಿತ ಫಲಿತಾಂಶ ಬಂದವರಿಗೇ ಕೊಡಬೇಕೆಂದು ನಿಯಮವಂತೆ. ಗ್ರಾಫ್ ಮೇಷ್ಟ್ರು ಪ್ರಾಮಾಣಿಕತೆ ತಾವು ಕಲಿಸಿದ್ದೆಂದು ಎಲ್ಲರಿಗೂ ಹೇಳಿದರು, ಪ್ರಬಂಧದಿಂದ ಸದ್ದಿಲ್ಲದೆ ತಮ್ಮ ಹೆಸರು ತೆಗೆಸಿದರು.

ಎಲ್ಲರೂ ಹೋದ ಮೇಲೆ ಸಭಾಂಗಣದಲ್ಲಿ ಉಳಿದವರು ನಾವಿಬ್ಬರು, ಮತ್ತೆ ಕುರ್ಚಿ ಜೋಡಿಸುತ್ತಿದ್ದ ಆಯಮ್ಮ. ಅವರು ಹತ್ತಿರ ಬಂದು ಸೆರಗಿನಿಂದ ಕೈ ಒರೆಸಿಕೊಂಡರು.

“ನನ್ನಿಂದ ನಿನ್ನ ಕೆಲಸ ಹಾಳಾಯ್ತಲ್ಲ ಮಗಾ.”

“ಇಲ್ಲ ಆಯಮ್ಮ” ಎಂದಳು ಅಕ್ಕ.

ಆಯಮ್ಮ ಪಕ್ಕದ ಕುರ್ಚಿಯನ್ನು ಸಾಲಿಗೆ ಸರಿಸಿದರು. ಆಮೇಲೆ ಏನೋ ಸಮಾಧಾನ ಹೇಳುವವರಂತೆ, “ಹೋಗ್ಲಿ ಬಿಡು. ಆ ಗುರುವಾರ ನಾನು ಬಂದಿಲ್ಲ ಅಂತ ಇರುವೆಗಾದ್ರೂ ಗೊತ್ತಾಯ್ತಲ್ಲ” ಎಂದರು.

ಅವರು ಅಂದು ಯಾಕೆ ಬರಲಿಲ್ಲವೆಂದು ನಾವಿಬ್ಬರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಅಕ್ಕ ಒಂದು ಕುರ್ಚಿ ಎಳೆದು ಅವರನ್ನು ಕೂರಿಸಿ ಕೇಳಿದಳು. ನಾನು ಮೊಬೈಲ್ ತೆಗೆಯಲಿಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.