ಒಂಬತ್ತನೆಯ ಗುಡಾರ

ರಾಕೆಟ್ ಏಳುವುದಕ್ಕೆ ಇನ್ನು ಅರ್ಧ ಗಂಟೆ ಇತ್ತು. ಜೆಲ್ಲೂಲ್ ಕಚೇರಿಯ ತಗಡಿನ ಶೆಡ್ಡಿನ ಮುಂದೆ ಮೂರನೇ ಸಲ ಹೋಗಿ ನಿಂತ. ಮೂರನೇ ಸಲವೂ ಬಾಯಿ ಬರಲಿಲ್ಲ.

"ಒಳಗೆ ಬಾರೋ ಮಾರಾಯ, ಬಿಸಿಲಲ್ಲಿ ಯಾಕೆ ಕಂಬದ ಹಾಗೆ ನಿಂತಿದ್ದೀಯ?" ಎಂದ ಗುಮಾಸ್ತ ಬೂಫೆಲ್ಜ, ಟೀ ಬಗ್ಗಿಸುತ್ತಾ. "ಫ್ರೆಂಚರು ಇವತ್ತು ತಮ್ಮ ಮೊದಲನೇ ಉಪಗ್ರಹ ಹಾರಿಸ್ತಿದ್ದಾರೆ. ಈ ಮರುಭೂಮಿಯ ನೆಲ ನಮ್ದು, ಧೂಳು ನಮ್ದು, ಮೇಲೆ ಹೋಗೋದು ಮಾತ್ರ ಅವರದ್ದು! ಸ್ವಾತಂತ್ರ್ಯ ಬಂದು ಮೂರು ವರ್ಷ ಆಯ್ತು, ಇವರಿನ್ನೂ ಗಂಟುಮೂಟೆ ಕಟ್ಟಿಲ್ಲ."

"ಆ ಗುಡಾರಗಳ ವಿಷಯ..."

"ಒಂಬತ್ತು ಹೆಬ್ಬೆಟ್ಟೂ ನೋಡಿದೆ, ಬಿಡು. ಕ್ಯಾಪ್ಟನ್ನಿಗೂ ಹೇಳ್ಬಿಟ್ಟೆ, ಜೆಲ್ಲೂಲ್ ಹೋಗಿಬಂದ ಅಂದ್ರೆ ಮರುಮಾತಿಲ್ಲ ಅಂತ. ತಗೋ, ಕುಡಿ."

ಜೆಲ್ಲೂಲ್ ಲೋಟ ತೆಗೆದುಕೊಂಡ. ಅಲ್ಲಿಗೆ ಮುಗಿಯಿತು. ಹೇಳಬೇಕಾದ ಮಾತನ್ನು ಟೀ ಜೊತೆಗೇ ನುಂಗಿದ.

ಅವನ ಕೆಲಸ ಇಷ್ಟೇ. ರಾಕೆಟ್ಟಿನ ಕೆಳಭಾಗ ಉರಿದು ಕಳಚಿ ಬೀಳುವ ಬಯಲಿನಲ್ಲಿ ಕುರಿ ಒಂಟೆ ಮೇಯಿಸುವವರ ಗುಡಾರಗಳಿದ್ದವು. ಅಲ್ಲಿಗೆ ಹೋಗಿ, ಮೂರು ದಿನ ಒಣಹೊಳೆಯ ಆಚೆ ಇರಿ ಎಂದು ಹೇಳಿ, ಯಜಮಾನರ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕು. ಎಂಟು ಗುಡಾರಕ್ಕೆ ಹೋಗಿದ್ದ. ಒಂಬತ್ತನೆಯದು ಮುದುಕಿ ಯಾಮ್ನಾಳದು, ಅವನ ಹಳೆಯ ಅತ್ತೆಯದು. ಅಲ್ಲಿ ಫ್ರೀಹ ಇದ್ದಳು. ಮಕ್ಕಳಾಗಲಿಲ್ಲವೆಂದು ನಾಲ್ಕು ಜನರ ಮುಂದೆ ಜೆಲ್ಲೂಲ್ ತಲಾಖ್ ಹೇಳಿ ಕಳಿಸಿದ ಹೆಂಡತಿ. ಆಮೇಲೆ ಇನ್ನೊಬ್ಬಳನ್ನು ಕಟ್ಟಿಕೊಂಡ, ಅವಳಿಗೂ ಆಗಲಿಲ್ಲ. ಕೊರತೆ ಯಾರದೆಂದು ಈಗ ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವವರಿಲ್ಲ, ಅಷ್ಟೆ.

ಅಲ್ಲಿಯ ರೀತಿಯಂತೆ ಗುಡಾರಕ್ಕೆ ಬಂದವನು ಶತ್ರುವಾದರೂ ಕೂರಿಸಿ, ಹಾಲು ಖರ್ಜೂರ ಕೊಟ್ಟ ಮೇಲೆಯೇ ಬಂದ ಕಾರಣ ಕೇಳಬೇಕು. ಆ ಹಾಲಿನ ಬಟ್ಟಲನ್ನು ಫ್ರೀಹಳೇ ತಂದಿಡಬೇಕು. ಅವನು ಕೊನೆಯ ದಿಬ್ಬದವರೆಗೂ ಹೋದ, ಅವರ ಒಲೆಯ ಹೊಗೆ ನೋಡಿದ, ಒಂಟೆ ತಿರುಗಿಸಿದ. ದಾರಿಯಲ್ಲಿ ಕಾಗದ ತೆಗೆದು ಒಂಬತ್ತನೆಯ ಸಾಲಿಗೆ ತನ್ನದೇ ಹೆಬ್ಬೆಟ್ಟು ಒತ್ತಿದ. ಆ ಮುದುಕಿಯ ಗುಡಾರದಷ್ಟು ಜಾಗಕ್ಕೇ ಬಂದು ಬೀಳುತ್ತದೆಯೇ, ಇಷ್ಟು ದೊಡ್ಡ ಬಯಲು ಬಿಟ್ಟು, ಎಂದುಕೊಂಡ. ಕಳ್ಳನಿಗೊಂದು ಪಿಳ್ಳೆ ನೆವ.

ಎಣಿಕೆ ಮುಗಿದು ನೆಲ ಅದುರಿತು. ಬೆಂಕಿ ಮೇಲೆದ್ದಿತು. ಸಾಹೇಬರು ಟೋಪಿ ಎಸೆದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ರಷ್ಯ, ಅಮೆರಿಕ ಬಿಟ್ಟರೆ ಇನ್ನು ನಾವೇ ಎಂದು ಕೂಗಾಡಿದರು. ಬೂಫೆಲ್ಜನೂ ಚಪ್ಪಾಳೆ ತಟ್ಟಿದ. ಜೆಲ್ಲೂಲನ ಕಣ್ಣು ಮಾತ್ರ ಮೇಲೆ ಹೋದದ್ದರ ಹಿಂದೆ ಹೋಗಲಿಲ್ಲ. ಒಂದು ಮಾತು ಹೇಳಿದ್ದರೆ ಹಾರಾಟ ನಿಲ್ಲುತ್ತಿತ್ತು, ಕೆಲಸ ಹೋಗುತ್ತಿತ್ತು. ಹೋದರೆ ಹೋಗಲಿ ಎನ್ನುವುದಕ್ಕೆ ಈಗ ಧೈರ್ಯ ಬಂದಿತ್ತು. ಥೂ ಇಂಥ ಧೈರ್ಯಕ್ಕೆ!

ಮರುದಿನ ಮಧ್ಯಾಹ್ನ ಅದೇ ದಿಬ್ಬ ಹತ್ತಿದ. ಗುಡಾರ ನಿಂತಿತ್ತು. ಹೊಗೆಯೂ ಇತ್ತು. "ದೇವರೇ" ಎಂದು ಅಲ್ಲೇ ಕುಸಿದು ಕೂತ. ಆಮೇಲೆ ಕಂಡಿತು: ಗುಡಾರದ ಹಿಂದೆ ಕೂಗಳತೆಯಲ್ಲಿ ಸುಟ್ಟು ಸೊಟ್ಟಗಾದ ದೊಡ್ಡ ತಗಡು, ಅದರ ಸುತ್ತ ಕರ್ರಗಾದ ನೆಲ, ಸಾಲಾಗಿ ಎಳೆದು ಹಾಕಿದ ಐದು ಸತ್ತ ಆಡು.

"ಯಾರದು? ಅಳಿಯನಾ?" ಯಾಮ್ನಾಳ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. "ಕೆಮ್ಮಿನಲ್ಲೇ ಗೊತ್ತಾಯ್ತು. ಬಾ ಮಗಾ, ಕೂತ್ಕೋ. ಫ್ರೀಹ, ಹಾಲು ತಾರೇ!"

ಫ್ರೀಹ ಬಟ್ಟಲು ತಂದಿಟ್ಟಳು. ಅವಳ ಸೆರಗಿನ ಅಂಚು ಸುಟ್ಟಿತ್ತು. ಅವನ ಕಡೆ ನೋಡದೆ ಕಂಬಳಿಯ ಪರದೆಯ ಆಚೆ ಹೋಗಿ ಕೂತಳು.

"ನೋಡಿದ್ಯಾ ನಮ್ಮ ಗ್ರಹಚಾರ!" ಎಂದಳು ಮುದುಕಿ. "ಇವಳು ಆಡಿನ ಹತ್ರಾನೇ ಇದ್ಲು. ನೀರಿಗೆ ಅಂತ ಈಕಡೆ ಬಂದ್ಲು, ಹಿಂದೇನೇ ಬಿತ್ತು. ಪಕ್ಕದ ಗುಡಾರದವರು ಹೋಗ್ತಾ ದೂರದಿಂದಲೇ ಕೂಗಿದ್ರು, ಎದ್ದೇಳಿ, ಬೆಂಕಿ ಬೀಳುತ್ತಂತೆ ಅಂತ; ಅವರಿಗೆ ಯಾರು ಹೇಳಿದ್ದು ಅಂತ ಗೊತ್ತಾಗಲಿಲ್ಲ. ನಾನೇ ಬೇಡ ಅಂದೆ. ಅಪಾಯ ಇದ್ದಿದ್ರೆ ನಮ್ಮ ಜೆಲ್ಲೂಲ್ ಬಂದು ಹೇಳ್ತಿದ್ದ ಅಂದೆ. ಮಗಳನ್ನ ಬಿಟ್ಟಿರಬಹುದು, ಸಾಯೋಕೆ ಬಿಡೋನಲ್ಲ ಅಂದೆ. ಪಾಪ, ಆ ಸಾಹೇಬರು ನಿನಗೂ ಹೇಳಿರಲಿಲ್ಲ ಅನ್ನು."

ಜೆಲ್ಲೂಲ್ ಬಟ್ಟಲು ಕೆಳಗಿಟ್ಟ. "ಅತ್ತೆ, ನನಗೆ ಗೊತ್ತಿತ್ತು. ನಾನು..."

"ಅಮ್ಮಾ," ಎಂದಳು ಪರದೆಯ ಆಚೆಯಿಂದ ಫ್ರೀಹ, "ಆ ಕರಿ ಮರಿ ಮತ್ತೆ ಅರಚ್ತಿದೆ, ನೋಡು ಹೋಗು."

ಮುದುಕಿ ಕೋಲೂರಿ ಹೊರಗೆ ಹೋದಳು. ಅವಳ ಹೆಜ್ಜೆ ದೂರವಾದ ಮೇಲೆ ಫ್ರೀಹ ಬಾಯಿಬಿಟ್ಟಳು.

"ಅವಳಿಗೆ ಹೇಳ್ಬೇಡ. ನಿನ್ನ ಮೇಲಿನ ನಂಬಿಕೆ ಹೋದ್ರೆ ಈ ವಯಸ್ಸಲ್ಲಿ ಅವಳಿಗೆ ಇನ್ನೊಬ್ಬನ್ನ ನಂಬೋಕೆ ಆಗಲ್ಲ."

"ದಿಬ್ಬದ ತನಕ ಬಂದಿದ್ದೆ, ಫ್ರೀಹ. ನಿನ್ನ ಮುಖ ನೋಡೋಕೆ..."

"ಗೊತ್ತು. ನಿನ್ನ ಒಂಟೆ ಕಂಡಿತ್ತು. ತಿರುಗಿ ಹೋಗಿದ್ದೂ ಕಂಡಿತ್ತು. ಹೇಳೋ ಅಂಥದ್ದು ಏನೂ ಇಲ್ಲ, ಸುಮ್ಮನೆ ನೋಡ್ಕೊಂಡು ಹೋದ ಅಂದ್ಕೊಂಡೆ. ಇನ್ನೊಂದು ಸಲ ಬೆಂಕಿ ಬೀಳೋ ಹಾಗಿದ್ರೆ ಒಳಗೆ ಬರೋದೇನೂ ಬೇಡ. ಆ ದಿಬ್ಬದ ಮೇಲೇ ನಿಂತು ಕೂಗು. ಕೇಳಿಸುತ್ತೆ."

ಅವನು ಹಾಲು ಕುಡಿದ. ಕುಡಿಯದೆ ಏಳುವ ಹಾಗಿರಲಿಲ್ಲ. ಹೊರಗೆ ಯಾಮ್ನ ಅವನ ತಲೆ ಸವರಿ, ಒಳ್ಳೇದಾಗ್ಲಿ ಮಗಾ, ನೀನಾದ್ರೂ ನೋಡೋಕೆ ಬಂದೆಯಲ್ಲ ಎಂದಳು.

ದಿಬ್ಬದ ಮೇಲೆ ನಿಂತು ಹಿಂದೆ ನೋಡಿದ. ಫ್ರೀಹ ಗುಡಾರದ ಗೂಟಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಮುದುಕಿ ಬಯಲಿನಲ್ಲಿ ಚಾಪೆಯ ಮೇಲೆ ಕೂತು, ಈಗ ಯಾಕೇ ಎಂದು ಕೇಳುವಂತೆ ಕೈಯಾಡಿಸುತ್ತಿದ್ದಳು. ಗುಡಾರದ ಒಂದು ಮೂಲೆ ಕುಸಿಯಿತು, ಆಮೇಲೆ ಇನ್ನೊಂದು.