ಗಂಗುಬಾಯಿಯವರ ಲಾರಿಗೆ ಜಾಗ

ಮುಂಬಯಿ ಮುಲುಂಡಿನ ಕಾಶಿನಾಥ ಕಂಪ್ಯೂಟರಿನಲ್ಲಿ ವಿಂಡೋಸ್ ತೊರೆದು ಲಿನಕ್ಸ್ ದೀಕ್ಷೆ ಪಡೆದು ಎಂಟು ತಿಂಗಳಾಗಿತ್ತು. ಅಂದಿನಿಂದ ಲೋಕಲ್ ರೈಲಿನಲ್ಲಿ ಪಕ್ಕ ಕೂತವರಿಗೆಲ್ಲ ಕಂಪ್ಯೂಟರ್ ಸ್ವಾತಂತ್ರ್ಯದ ಮಹಿಮೆ ಹೇಳುತ್ತಿದ್ದ. ಅವರು ಎರಡು ನಿಲ್ದಾಣ ಮೊದಲೇ, ಭಾಂಡೂಪಿನಲ್ಲೇ ಎದ್ದು ಬಾಗಿಲ ಕಡೆ ನಡೆದುಬಿಡುತ್ತಿದ್ದರು. ಕೊನೆಗೆ ಅವನ ಕೈಗೆ ಸಿಕ್ಕಿದ್ದು ಮನೆಯಲ್ಲೇ ಇದ್ದ ಅತ್ತೆ ಗಂಗುಬಾಯಿ.

ಗಂಗುಬಾಯಿ ವಿಜಯಪುರದ ಕಡೆಯವರು. ಬಸ್ ಡಿಪೋ ಒಂದರಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುತ್ತ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈಗ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಗೇಮ್ ಆಡುತ್ತಿದ್ದರು. ಹಿಮ ಬೀಳುವ ದೇಶಗಳಲ್ಲಿ ಅವರ ಸರಕು ಒಂದು ದಿನವೂ ತಡವಾಗಿರಲಿಲ್ಲ.

ಒಂದು ಭಾನುವಾರ ಕಾಶಿನಾಥ ಆ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ ಲಿನಕ್ಸ್ ಕೂರಿಸಿದ. ಗೇಮ್ ಇದ್ದ ಹಳೆಯ ಡಿಸ್ಕನ್ನು ಹಾಗೇ ಬಿಟ್ಟ.

"ಗೇಮ್ ಅಲ್ಲೇ ಐತ್ರಿ ಅತ್ತಿ. ಬಟನ್ ಒತ್ತೂದಷ್ಟ."

ಗಂಗುಬಾಯಿ ಒತ್ತಿದರು. 'ಆರಂಭವಾಗುತ್ತಿದೆ' ಎಂದು ಬಂತು, ಮಾಯವಾಯಿತು. ಹನ್ನೊಂದು ಸಲ ಒತ್ತಿದರೂ ಅಷ್ಟೇ.

ಕಾಶಿನಾಥ ಚಹಾದ ಹೊತ್ತಿನವರೆಗೂ ಇಂಟರ್ನೆಟ್ಟಿನಲ್ಲಿ ತಡಕಾಡಿ, ಗಂಟಲು ಸರಿಮಾಡಿಕೊಂಡ. "ಹಳೇ ಡಿಸ್ಕಿನ ಫಾರ್ಮ್ಯಾಟ್ ವಿಂಡೋಸಂದು. ಗೇಮ್ ಲಿನಕ್ಸದಾಗ ಓಡಬೇಕಂದ್ರ ಒಂದಿಷ್ಟು ಹೊಸ ಫೈಲ್ ಮಾಡ್ಕೋತೈತಿ. ಅವು ಆ ಫಾರ್ಮ್ಯಾಟಿಗೆ ಸರಿಯಾಗಿ ಒಗ್ಗೂದಿಲ್ಲ. ಗೇಮನ್ನ ಲಿನಕ್ಸ್ ಡಿಸ್ಕಿಗೆ ಸಾಗಿಸಿದ್ರ ಆತು."

"ಹಂಗಾರ ಸಾಗಸ್ರಿ."

ಸಾಗಿಸಹೋದರೆ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಜಾಗ ಸಾಲದು, ಬೇಕಾದದ್ದು ಅರವತ್ತೆರಡು ಜಿಬಿ, ಇರುವುದು ಹತ್ತೊಂಬತ್ತು.

"ಈಗಿನ ಗೇಮುಗಳಿಗೆ ಮೈ ಭಾಳ," ಎಂದ ಕಾಶಿನಾಥ.

ಗಂಗುಬಾಯಿ ಕನ್ನಡಕ ಏರಿಸಿ ಕುರ್ಚಿ ಎಳೆದುಕೊಂಡರು. "ಡಿಸ್ಕ್ ಇನ್ನೂರೈವತ್ತು ಜಿಬಿ ಅಂದಿದ್ರಿ. ಉಳದಿದ್ದು ಎಲ್ಲಿ ಹೋತು? ನಕ್ಷಾ ತೋರಸ್ರಿ."

ಡಿಸ್ಕಿನ ನಕ್ಷೆಯಲ್ಲಿ ನಾಲ್ಕು ಚೌಕಗಳಿದ್ದವು. ಅಳಿಯ ಒಂದಲ್ಲ, ನಾಲ್ಕು ಬಗೆಯ ಲಿನಕ್ಸ್ ಕೂರಿಸಿದ್ದ. ಒಂದು ಕೆಲಸಕ್ಕೆ, ಒಂದು ಅದರ ವಾಲ್‌ಪೇಪರ್ ಚೆಂದವೆಂದು, ಇನ್ನೊಂದು ಮೊದಲಿನೆರಡನ್ನೂ ಆಫೀಸಿನ ಸುಕೇಶ್ ಹೀಯಾಳಿಸಿದನೆಂದು. ನಾಲ್ಕನೆಯದು ಏಕೆಂದು ಅವನಿಗೇ ಹೊಳೆಯಲಿಲ್ಲ.

"ಈ ಮೂರು ಓಡ್ತಾವೇನ್ರಿ?"

"ಇಲ್ಲರಿ. ಆದ್ರ ಆಯ್ಕೆಯ ಸ್ವಾತಂತ್ರ್ಯ ಅಂತ ಒಂದೈತಲ್ರಿ…"

"ಓಡದ ಗಾಡಿ ನನ್ನ ಡಿಪೋದಾಗ ನಿಂದ್ರಾಂಗಿಲ್ಲ. ಅಳಿಯಂದ್ರ, ತಗೀರಿ."

ಕಾಶಿನಾಥ ಒಂದೊಂದನ್ನೇ ಅಳಿಸಿದ. ವಾಲ್‌ಪೇಪರ್ ಚೆಂದವಿದ್ದದ್ದನ್ನು ಅಳಿಸುವಾಗ ಬೆರಳು ತಡವರಿಸಿತು, ಅತ್ತೆ ಕೆಮ್ಮಿದರು, ಅದೂ ಹೋಯಿತು. ತೆರವಾದ ಜಾಗವನ್ನು ಉಳಿದ ಒಂದಕ್ಕೆ ಸೇರಿಸಿ, ಗೇಮನ್ನು ಅಲ್ಲಿಗೆ ಸಾಗಿಸಿ ಗುಂಡಿ ಒತ್ತಿದ.

ಲಾರಿ ಗುಡುಗಿತು. ಗಂಗುಬಾಯಿ ಗೇರು ಹಾಕಿ ಹಿಮದ ಹೆದ್ದಾರಿಗೆ ಇಳಿದರು. ಕಾಶಿನಾಥನಿಗೆ ಜೀವ ಬಂದಂತಾಯಿತು. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತ. "ನೋಡ್ರಿ ಅತ್ತಿ, ಲಿನಕ್ಸದಾಗ ಈ ಚಿತ್ರ ಎಷ್ಟು ನುಣುಪು ಐತಿ, ಯಾಕಂದ್ರ…"

ಗಂಗುಬಾಯಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಡ್ರೈವರ್ ಜೋಡಿ ಮಾತಾಡಬಾರದ್ರಿ."