ಹಾಲನ್ನದ ಬಟ್ಟಲು

ಜವಳಗೇರಾದ ಶೇಖರಮ್ಮ ಎಂಟು ವರ್ಷದ ಮೊಮ್ಮಗಳು ಬಸವಶ್ರೀಯ ಪರವಾಗಿ ಯಾರು ಏನು ಕೇಳಿದರೂ ತಾನೇ ಉತ್ತರ ಕೊಡುತ್ತಿದ್ದಳು. ಸೆರೆಬ್ರಲ್ ಪಾಲ್ಸಿಯಿಂದಾಗಿ ಹುಡುಗಿಗೆ ಮಾತು ಬರುತ್ತಿರಲಿಲ್ಲ, ಕೈ ಹಿಡಿತಕ್ಕೆ ಸಿಗುತ್ತಿರಲಿಲ್ಲ. "ಆಕಿಗಿ ಹಾಲನ್ನ ಅಂದ್ರ ಪ್ರಾಣರೀ" ಎಂದು ಸಿಂಧನೂರಿನ ವಿಶೇಷ ಮಕ್ಕಳ ತರಬೇತಿ ಕೇಂದ್ರದಲ್ಲೂ ಹೇಳಿದಳು.

ಅಲ್ಲಿನ ಟೀಚರ್ ಸಂಘಮಿತ್ರಾ ಹುಡುಗಿಯ ಮುಂದೆ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಹಾಲನ್ನ, ಇನ್ನೊಂದರಲ್ಲಿ ಸಾರನ್ನ.

"ಯಾವುದು ಬೇಕು ಅಂತ ಕೇಳ್ರಿ ಅಮ್ಮಾ. ಆಮ್ಯಾಲ ಹತ್ತು ಎಣಿಸೋತನ ಬಾಯಿ ಬಿಡಬ್ಯಾಡ್ರಿ. ಆಕಿ ಕಣ್ಣಿಲೆ ಹೇಳ್ತಾಳ."

ಕೇಳುವುದು ಸುಲಭವಿತ್ತು, ಸುಮ್ಮನಿರುವುದೇ ಕಷ್ಟ. ಎಂಟು ಎಣಿಸುವಷ್ಟರಲ್ಲಿ ಬಸವಶ್ರೀಯ ಕಣ್ಣು ನಿಧಾನವಾಗಿ ಹೊರಳಿ ಸಾರನ್ನದ ಮೇಲೆ ನಿಂತಿತು.

"ತಪ್ಪಿ ನೋಡ್ಯಾಳ" ಎಂದು ಶೇಖರಮ್ಮ ಬಟ್ಟಲುಗಳನ್ನು ಅದಲುಬದಲು ಮಾಡಿದಳು. ಕಣ್ಣು ಸಾರನ್ನದ ಹಿಂದೆಯೇ ಹೋಯಿತು. ಮತ್ತೆ ಬದಲಿಸಿದಳು. ಈ ಸಲ ಹುಡುಗಿ ಬಟ್ಟಲು ನೋಡಲಿಲ್ಲ, ಅಜ್ಜಿಯ ಮುಖವನ್ನೇ ನೋಡಿದಳು.

ಶೇಖರಮ್ಮ ಸಾರನ್ನ ಉಣಿಸಿದಳು. ಒಂದು ಅಗುಳೂ ಉಳಿಯಲಿಲ್ಲ. ಹಾಲನ್ನ ಚೆಲ್ಲಲು ಮನಸ್ಸಾಗದೆ ತಾನೇ ಉಂಡಳು. ಚಿಕ್ಕಂದಿನಿಂದಲೂ ಹಾಲನ್ನ ಅಂದರೆ ಪ್ರಾಣ ಬಿಡುತ್ತಿದ್ದವಳು ಅವಳೇ.